ಎಡಿಟರ್‌ನೊಳಗೇ ಇ-ಪುಸ್ತಕ: ಈಮ್ಯಾಕ್ಸ್‌ನ ‘ನವ್’ ಕನ್ನಡದ ಓದಿಗೆ ಒಗ್ಗುತ್ತದೆಯೇ?

ಇ-ಪುಸ್ತಕಗಳು ಬರುವ ಇ-ಪಬ್ ಫೈಲ್ ಅನ್ನುವುದು ನಿಜದಲ್ಲಿ ಒಂದು ಜಿಪ್ ಗಂಟು. ಬಿಚ್ಚಿದರೆ ಅಧ್ಯಾಯಕ್ಕೊಂದರಂತೆ ವೆಬ್‌ಪುಟದ ಬಗೆಯ ಎಕ್ಸ್‌ಎಚ್‌ಟಿಎಂಎಲ್ ಪುಟಗಳು, ಅವುಗಳ ಅಲಂಕಾರ ಹೇಳುವ ಸಿಎಸ್‌ಎಸ್, ಚಿತ್ರಗಳು, ಕೆಲವು ಸಲ ಫಾಂಟು, ಜೊತೆಗೆ ಯಾವ ಪುಟ ಆದಮೇಲೆ ಯಾವುದು ಎಂದು ಹೇಳುವ ಒಂದು ಪಟ್ಟಿ ಸಿಗುತ್ತವೆ. ಬರಹ ಬರೆದು ತಿದ್ದುವ ಈಮ್ಯಾಕ್ಸ್ ಎಡಿಟರ್‌ಗಾಗಿ ವಸಿಲಿ ಶ್ನೈಡರ್‌ಮನ್ ಬರೆದಿರುವ ‘ನವ್’ ಪ್ಯಾಕೇಜ್ ಈ ಗಂಟನ್ನು ಬಿಚ್ಚಿ, ಅಲಂಕಾರವನ್ನೆಲ್ಲ ಪಕ್ಕಕ್ಕೆ ಸರಿಸಿ, ಬರಹವನ್ನೂ ಚಿತ್ರಗಳನ್ನೂ ಮಾತ್ರ ಎಡಿಟರ್‌ನ ಪರದೆಗೆ ತರುತ್ತದೆ. ಕಾಸು ಕೊಡಬೇಕಿಲ್ಲ, ಮುಕ್ತ ತಂತ್ರಾಂಶ. ಪ್ರಕಾಶಕರ ಅಲಂಕಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಆ ಒಂದು ತೀರ್ಮಾನವೇ ಇದರ ಸುಖಕ್ಕೂ ಕಾರಣ, ಇದರ ಕಾಟಕ್ಕೂ ಕಾರಣ. ಕನ್ನಡದ ಪುಸ್ತಕ ಓದುವವರಿಗೆ ಈ ಎರಡೂ ಇಂಗ್ಲಿಷ್ ಓದುವವರಿಗಿಂತ ಸ್ವಲ್ಪ ಹೆಚ್ಚೇ ತಟ್ಟುತ್ತವೆ.

ಹಾಕಿಕೊಳ್ಳುವುದು ಐದು ನಿಮಿಷದ ಕೆಲಸ, ಆದರೆ ಮೊದಲು ಎರಡು ಸಂಗತಿ ನೋಡಿಕೊಳ್ಳಬೇಕು. ಈಮ್ಯಾಕ್ಸ್ ಅನ್ನು, ಆ ಪುಟಗಳನ್ನು ಓದಿಕೊಡುವ ಲಿಬ್‌ಎಕ್ಸ್‌ಎಂಎಲ್ ಸೇರಿಸಿ ಕಟ್ಟಿರಬೇಕು. ಆಲ್ಟ್ ಜೊತೆ ಕೋಲನ್ ಒತ್ತಿ, ಆವರಣದೊಳಗೆ ‘ಲಿಬ್‌ಎಕ್ಸ್‌ಎಂಎಲ್-ಅವೈಲಬಲ್-ಪಿ’ ಎಂದು ಕೊಟ್ಟಾಗ ‘ಟಿ’ ಬಂದರೆ ಸರಿ, ‘ನಿಲ್’ ಬಂದರೆ ಬೇರೆ ಕಟ್ಟು (ಬಿಲ್ಡ್) ಹುಡುಕಿ. ಎರಡನೆಯದು ಜಿಪ್ ಬಿಚ್ಚುವ ‘ಅನ್‌ಜಿಪ್’ ಪ್ರೋಗ್ರಾಂ. ಮ್ಯಾಕ್‌ನಲ್ಲಿ ಅದು ಮೊದಲೇ ಇರುತ್ತದೆ, ಉಬುಂಟುವಿನಲ್ಲಿ ಇಲ್ಲದಿದ್ದರೆ ‘ಆಪ್ಟ್’ನಿಂದ ಹಾಕಿಕೊಳ್ಳಬಹುದು. ವಿಂಡೋಸ್‌ನಲ್ಲಿ ಇರುವುದಿಲ್ಲ, ಅಲ್ಲಿ 2018ರಿಂದ ವಿಂಡೋಸ್ 10ರ ಜೊತೆಗೇ ಬರುತ್ತಿರುವ ‘ಟಾರ್’ ಅನ್ನು ‘ನವ್-ಅನ್‌ಜಿಪ್-ಪ್ರೋಗ್ರಾಂ’ ಎಂಬಲ್ಲಿ ತೋರಿಸಿ, ‘ನವ್-ಅನ್‌ಜಿಪ್-ಆರ್ಗ್ಸ್’ ಅನ್ನೂ ಬದಲಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಅನ್‌ಜಿಪ್ ಮತ್ತು ಟಾರ್‌ಗೆ ಆಯ್ಕೆಗಳನ್ನು ಕೊಡುವ ರೀತಿ ಬೇರೆಬೇರೆ. ಪ್ರೋಗ್ರಾಂ ಬದಲಿಸಿ ಆಯ್ಕೆಗಳನ್ನು ಹಾಗೇ ಬಿಟ್ಟರೆ ಪುಸ್ತಕ ತೆರೆಯುವುದಿಲ್ಲ, ಬಂದ ದೋಷಸಂದೇಶದಿಂದ ಕಾರಣವೂ ತಿಳಿಯುವುದಿಲ್ಲ.

ಪ್ಯಾಕೇಜ್ ಇರುವುದು ಮೆಲ್ಪಾ ಎಂಬ ಈಮ್ಯಾಕ್ಸ್ ಪ್ಯಾಕೇಜ್‌ಗಳ ಭಂಡಾರದಲ್ಲಿ. ಹಾಕಿಕೊಂಡ ಮೇಲೆ ‘ಇ-ಪಬ್ ಎಂದು ಕೊನೆಯಾಗುವ ಫೈಲ್‌ಗೆ ನವ್-ಮೋಡ್’ ಎಂಬ ಒಂದು ಸಾಲನ್ನು ‘ಆಟೋ-ಮೋಡ್-ಅಲಿಸ್ಟ್’ಗೆ ಸೇರಿಸಲೇಬೇಕು. ಸೇರಿಸದಿದ್ದರೆ ಈಮ್ಯಾಕ್ಸ್ ಆ ಫೈಲನ್ನು ಸಾಮಾನ್ಯವಾಗಿ ಜಿಪ್ ಎಂದೇ ಗುರುತಿಸಿ ಒಳಗಿನ ಫೈಲ್‌ಗಳ ಪಟ್ಟಿಯನ್ನು ಮುಂದೆ ಇಡುತ್ತದೆ. ‘ಪುಸ್ತಕ ಕೆಟ್ಟಿದೆ’ ಎಂದುಕೊಂಡು ಅಳಿಸಿ ಮತ್ತೆ ಡೌನ್‌ಲೋಡ್ ಮಾಡುವವರು ಬಹಳ, ಕೆಟ್ಟಿರುವುದು ಪುಸ್ತಕವಲ್ಲ.

ಓದಲು ನೆನಪಿಡಬೇಕಾದ ಕೀಲಿಗಳು ಕಡಿಮೆ. ಸ್ಪೇಸ್ ಒತ್ತುತ್ತ ಹೋದರೆ ಪರದೆ ಮುಂದಕ್ಕೆ ಸರಿಯುತ್ತದೆ, ಅಧ್ಯಾಯ ಮುಗಿದರೆ ಮುಂದಿನದು ತಾನಾಗಿ ಬರುತ್ತದೆ. ‘ಎನ್’ ಮುಂದಿನ ಅಧ್ಯಾಯ, ‘ಪಿ’ ಹಿಂದಿನದು, ‘ಟಿ’ ಪರಿವಿಡಿ. ಅಡಿಟಿಪ್ಪಣಿಯ ಅಂಕೆಯ ಮೇಲೆ ಎಂಟರ್ ಒತ್ತಿ ಹೋಗಿ, ‘ಎಲ್’ ಒತ್ತಿ ಬಿಟ್ಟಲ್ಲಿಗೇ ಹಿಂದಿರುಗಬಹುದು. ಈ ಒಂದು ಕೆಲಸದಲ್ಲಿ ನವ್ ಮೊಬೈಲ್‌ನ ಬಹುತೇಕ ಓದು-ಆ್ಯಪ್‌ಗಳಿಗಿಂತ ಚುರುಕು. ಟಿಪ್ಪಣಿಗಳಿಂದ ತುಂಬಿದ ಸಂಶೋಧನಾ ಗ್ರಂಥ ಓದುವವರಿಗೆ ಇಷ್ಟೇ ಸಾಕು ಅನ್ನಿಸಬಹುದು.

ಮೊದಲ ನೋಟಕ್ಕೆ ಪುಟ ಚೆಂದ ಕಾಣುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಏನನ್ನೂ ಹೊಂದಿಸದಿದ್ದರೆ ಸಾಲು ಕಿಟಕಿಯ ಈ ಅಂಚಿನಿಂದ ಆ ಅಂಚಿನವರೆಗೆ ಹರಿಯುತ್ತದೆ. ಅಗಲ ಪರದೆಯಲ್ಲಿ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವಾಗ ದಾರಿ ತಪ್ಪುತ್ತದೆ. ‘ನವ್-ಟೆಕ್ಸ್ಟ್-ವಿಡ್ತ್’ಗೆ ಒಂದು ಅಂಕೆ ಕೊಟ್ಟರೆ ಅಷ್ಟು ಕಾಲಂಗೆ ಸಾಲು ಮುರಿಯುತ್ತದೆ. ಆದರೆ ಆ ಕಾಲಂನ ಅಳತೆ ಇಂಗ್ಲಿಷ್ ಅಕ್ಷರದ್ದು. ಕನ್ನಡದ ಒಂದು ಅಕ್ಷರ ಸಾಮಾನ್ಯವಾಗಿ ಅದರ ಎರಡರಷ್ಟು ಜಾಗ ಹಿಡಿಯುವುದರಿಂದ, ಇಂಗ್ಲಿಷ್‌ಗೆ ಹಿತವಾದ 65 ಕಾಲಂನಲ್ಲಿ ಕನ್ನಡದ ಸಾಲು ಪತ್ರಿಕೆಯ ಅಂಕಣದ ಹಾಗೆ ಕಿರಿದಾಗುತ್ತದೆ. 80ರಿಂದ 90 ಇಟ್ಟರೆ ಮುದ್ರಿತ ಪುಸ್ತಕದ ಸಾಲಿನ ಹತ್ತಿರ ಬರುತ್ತದೆ. ಇದರಲ್ಲೂ ಒಂದು ತೊಡಕು ಉಳಿಯುತ್ತದೆ: ಓದುವ ನಡುವೆ ಅಕ್ಷರ ದೊಡ್ಡದು ಮಾಡಿದರೆ ಮೊದಲೇ ಮುರಿದಿಟ್ಟ ಸಾಲುಗಳು ಹಳೆಯ ಅಳತೆಯಲ್ಲೇ ಉಳಿದು ಅಂಚು ದಾಟುತ್ತವೆ. ಇದಕ್ಕಿಂತ ಒಳ್ಳೆಯ ದಾರಿ ‘ನವ್-ಟೆಕ್ಸ್ಟ್-ವಿಡ್ತ್’ಗೆ ‘ಟಿ’ ಎಂಬ ಬೆಲೆ ಕೊಟ್ಟು ಸಾಲು ಮುರಿಯುವುದನ್ನೇ ನಿಲ್ಲಿಸಿ, ‘ವಿಶುವಲ್-ಲೈನ್-ಮೋಡ್’ ಮತ್ತು ‘ವಿಶುವಲ್-ಫಿಲ್-ಕಾಲಂ’ ಎಂಬ ಇನ್ನೊಂದು ಪ್ಯಾಕೇಜ್‌ಗೆ ಆ ಕೆಲಸ ಒಪ್ಪಿಸುವುದು. ಆಗ ಬರಹ ಪರದೆಯ ನಡುವೆ ಕೂರುತ್ತದೆ, ಎರಡೂ ಬದಿ ಖಾಲಿ ಅಂಚು ಸಿಗುತ್ತದೆ, ಕಿಟಕಿ ಹಿಗ್ಗಿಸಿದರೂ ಕುಗ್ಗಿಸಿದರೂ ಸಾಲು ಹೊಂದಿಕೊಳ್ಳುತ್ತದೆ.

ಇನ್ನು ಕನ್ನಡದ ಅಕ್ಷರ ಮೂಡುವ ವಿಷಯ. ಈಮ್ಯಾಕ್ಸ್ 27ರಿಂದ, ಅಂದರೆ 2020ರಿಂದ, ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಝ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಒತ್ತಕ್ಷರ, ಅರ್ಕಾವತ್ತು, ಎರಡು ಒತ್ತು ಬರುವ ‘ರಾಷ್ಟ್ರ’ದಂಥ ಪದಗಳು ಎಲ್ಲವೂ ಸರಿಯಾಗಿ ಬರುತ್ತವೆ. ಬರದಿದ್ದರೆ ‘ಸಿಸ್ಟಂ-ಕಾನ್ಫಿಗರೇಶನ್-ಫೀಚರ್ಸ್’ ಎಂಬ ಚರದಲ್ಲಿ ಹಾರ್ಫ್‌ಬಝ್ ಹೆಸರು ಇದೆಯೇ ನೋಡಿ. ಕಂಟ್ರೋಲ್-ಎಚ್ ಒತ್ತಿ ಮತ್ತೆ ‘ಎಚ್’ ಒತ್ತಿದರೆ ಜಗತ್ತಿನ ಭಾಷೆಗಳ ನಮಸ್ಕಾರಗಳ ಪುಟ ತೆರೆಯುತ್ತದೆ. ಅದರಲ್ಲಿ ಕನ್ನಡದ ‘ನಮಸ್ಕಾರ’ದ ಸ್ಕಾ ಒಡೆದು ಕಂಡರೆ ದೋಷ ಪುಸ್ತಕದ್ದಲ್ಲ, ನಿಮ್ಮ ಈಮ್ಯಾಕ್ಸ್‌ನದ್ದು ಅಥವಾ ಫಾಂಟಿನದ್ದು.

ಫಾಂಟನ್ನು ‘ಸೆಟ್-ಫಾಂಟ್‌ಸೆಟ್-ಫಾಂಟ್’ ಮೂಲಕ ಕನ್ನಡ ಲಿಪಿಗೆ ಮಾತ್ರ ಬೇರೆಯಾಗಿ ಕೊಡಬಹುದು. ದೀರ್ಘ ಓದಿಗೆ ನೋಟೋ ಸೆರಿಫ್ ಕನ್ನಡ ಹಿತ. ಡೆಬಿಯನ್, ಉಬುಂಟುವಿನಲ್ಲಿ ಗುಬ್ಬಿ, ನವಿಲು ಫಾಂಟುಗಳೂ ಸಿಗುತ್ತವೆ. ವಿಂಡೋಸ್‌ನಲ್ಲಿ ಏನೂ ಹೇಳದಿದ್ದರೆ ತುಂಗಾ ಅಥವಾ ನಿರ್ಮಲಾ ಬರುವುದು ಸಾಮಾನ್ಯ. ತುಂಗಾ ಅದೇ ಅಳತೆಯ ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ‘ಫೇಸ್-ಫಾಂಟ್-ರೀಸ್ಕೇಲ್-ಅಲಿಸ್ಟ್’ನಲ್ಲಿ ಆ ಫಾಂಟಿಗೆ 1.2 ಎಂದು ಕೊಟ್ಟರೆ ಕನ್ನಡ ಮಾತ್ರ ಹಿಗ್ಗಿ ಎರಡೂ ಸಮಕ್ಕೆ ಬರುತ್ತವೆ. ‘ಲೈನ್-ಸ್ಪೇಸಿಂಗ್’ ಅನ್ನು 0.25ರ ಆಸುಪಾಸು ಇಡುವುದು ಒಳ್ಳೆಯದು. ಒತ್ತಕ್ಷರವಿರುವ ಸಾಲು ಕೆಳಗೆ ಜೋತು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುವುದು ಕನ್ನಡಕ್ಕಿರುವ ತೊಂದರೆ, ಇಂಗ್ಲಿಷ್‌ನ ಹೊಂದಾಣಿಕೆಗಳು ಅದನ್ನು ಲೆಕ್ಕಿಸುವುದಿಲ್ಲ.

ಟರ್ಮಿನಲ್‌ನಲ್ಲಿ ಈಮ್ಯಾಕ್ಸ್ ನಡೆಸುವವರಿಗೆ ಒಂದೇ ಮಾತು: ಕನ್ನಡಕ್ಕೆ ಬೇಡ. ಟರ್ಮಿನಲ್ ಪ್ರತಿ ಅಕ್ಷರವನ್ನೂ ಚೌಕಳಿಯೊಳಗೆ ಕೂರಿಸಲು ನೋಡುತ್ತದೆ. ಕನ್ನಡದ ಗುಣಿತಾಕ್ಷರ ಚೌಕಳಿಗೆ ಸಿಕ್ಕುವ ಜಾತಿಯದಲ್ಲ. ಸಾಲುಗಳು ಒಂದರ ಮೇಲೊಂದು ಏರುತ್ತವೆ, ಕರ್ಸರ್ ಇರುವ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಇಂಗ್ಲಿಷ್ ಪುಸ್ತಕಕ್ಕೆ ಟರ್ಮಿನಲ್ ಧಾರಾಳವಾಗಿ ಆಗುತ್ತದೆ, ಚಿತ್ರಗಳನ್ನು ಬಿಟ್ಟರೆ.

ಅಲಂಕಾರ ಬಿಟ್ಟದ್ದರಿಂದ ಆಗುವ ನಷ್ಟಗಳಲ್ಲಿ ಮೊದಲನೆಯದು ಕಣ್ಣಿಗೇ ಬೀಳುವುದಿಲ್ಲ. ಕಾದಂಬರಿಗಳಲ್ಲಿ ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ಒಂದಿಷ್ಟು ಖಾಲಿ ಜಾಗ ಬಿಡುತ್ತಾರಲ್ಲ, ಅನೇಕ ಇ-ಪಬ್‌ಗಳಲ್ಲಿ ಆ ಜಾಗ ಇರುವುದು ಸಿಎಸ್‌ಎಸ್‌ನಲ್ಲಿ ಮಾತ್ರ. ನವ್ ಎಲ್ಲ ಪ್ಯಾರಾಗಳ ನಡುವೆಯೂ ಒಂದೇ ಸಮ ಖಾಲಿ ಸಾಲು ಬಿಡುವುದರಿಂದ ಆ ವಿರಾಮ ಮಾಯವಾಗುತ್ತದೆ. ಹಿಂದಿನ ಸಾಲಿನಲ್ಲಿ ಧಾರವಾಡದಲ್ಲಿದ್ದ ಪಾತ್ರ ಮುಂದಿನ ಸಾಲಿನಲ್ಲಿ ಮುಂಬೈಯಲ್ಲಿರುತ್ತದೆ, ಲೇಖಕರು ಎಡವಿದರು ಎಂದು ಓದುಗರಿಗೆ ಅನ್ನಿಸುತ್ತದೆ. ನಡುವೆ ಮೂರು ನಕ್ಷತ್ರ ಹಾಕಿದ ಪುಸ್ತಕಕ್ಕೆ ಈ ತೊಂದರೆ ಇಲ್ಲ. ಎರಡನೆಯದು ಓರೆ ಅಕ್ಷರ. ಪುಸ್ತಕ ಮಾಡಿದವರು ಪದಕ್ಕೆ ಒತ್ತು ಕೊಡುವ ಎಚ್‌ಟಿಎಂಎಲ್ ಗುರುತನ್ನೇ ಬಳಸಿದ್ದರೆ ನವ್ ಅದನ್ನು ತೋರಿಸುತ್ತದೆ. ಸಿಎಸ್‌ಎಸ್‌ನ ಕ್ಲಾಸ್ ಮೂಲಕ ಓರೆ ಮಾಡಿದ್ದರೆ, ವರ್ಡ್‌ನಿಂದ ನೇರವಾಗಿ ಪರಿವರ್ತಿಸಿದ ಫೈಲ್‌ಗಳಲ್ಲಿ ಹೀಗಾಗುವುದು ಹೆಚ್ಚು, ಅದು ಮಾಮೂಲಿ ಅಕ್ಷರವಾಗಿ ಬರುತ್ತದೆ. ಕನ್ನಡ ಫಾಂಟುಗಳಲ್ಲಿ ಪ್ರತ್ಯೇಕ ಓರೆ ರೂಪ ಸಾಮಾನ್ಯವಾಗಿ ಇರುವುದೂ ಇಲ್ಲ; ‘ಇಟ್ಯಾಲಿಕ್’ ಎಂಬ ಫೇಸ್‌ಗೆ ಅಡಿಗೆರೆ ಕೊಟ್ಟುಕೊಂಡರೆ ಒತ್ತು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ಪದ್ಯದ ಸಾಲುಗಳು ಸಾಲುಮುರಿಕೆಯ ಗುರುತಿನಿಂದ ಆಗಿದ್ದರೆ ಉಳಿಯುತ್ತವೆ, ಆದರೆ ಎಡದಂಚಿನಿಂದ ಒಳಸರಿಸಿದ ಸಾಲುಗಳೆಲ್ಲ ಅಂಚಿಗೆ ಬಂದು ನಿಲ್ಲುತ್ತವೆ. ವಚನಕ್ಕೆ ಇದರಿಂದ ಅಷ್ಟೇನೂ ನಷ್ಟವಿಲ್ಲ, ಸಾಲಿನ ಇಳಿತವನ್ನೇ ನೆಚ್ಚಿದ ನವ್ಯ ಕವಿತೆಗೆ ಇದೆ.

ಕನ್ನಡದ ಓದುಗರನ್ನು ನಿಜವಾಗಿ ಬೆಚ್ಚಿಬೀಳಿಸುವುದು ಇನ್ನೊಂದು. ಹಳೆಯ ಡಿಟಿಪಿ ಫೈಲ್‌ನಿಂದ ಮಾಡಿದ ಕೆಲವು ಇ-ಪಬ್‌ಗಳಲ್ಲಿ ಬರಹ ಯೂನಿಕೋಡ್ ಆಗಿರುವುದಿಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಆಸ್ಕಿ ಸಂಕೇತದಲ್ಲೇ ಇದ್ದು, ಅದನ್ನು ಕನ್ನಡವಾಗಿ ತೋರಿಸುವ ಫಾಂಟನ್ನು ಗಂಟಿನೊಳಗೆ ಕಟ್ಟಿರುತ್ತಾರೆ. ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ತೆರೆದರೆ ಅಚ್ಚುಕಟ್ಟಾದ ಕನ್ನಡ. ನವ್‌ನಲ್ಲಿ ತೆರೆದರೆ ಕೊಂಬು ಕೋಡು ಮೂಡಿದ ರೋಮನ್ ಅಕ್ಷರಗಳ ಸಂತೆ, ಏಕೆಂದರೆ ನವ್ ಒಳಗಿನ ಫಾಂಟನ್ನು ಮುಟ್ಟುವುದೇ ಇಲ್ಲ. ಎಡಿಟರ್ ಇಲ್ಲಿ ನಿಜವನ್ನೇ ಹೇಳುತ್ತಿದೆ: ಆ ಫೈಲ್‌ನಲ್ಲಿ ಇರುವುದು ಕನ್ನಡದ ಚಿತ್ರ, ಕನ್ನಡದ ಅಕ್ಷರವಲ್ಲ. ಅದರಲ್ಲಿ ಹುಡುಕಲೂ ಆಗದು, ದನಿಯಾಗಿಸಲೂ ಆಗದು. ಪರಿಹಾರ ಬೇಕೆಂದರೆ ಅಧ್ಯಾಯಗಳನ್ನು ಹೊರತೆಗೆದು, ನುಡಿ ತಂತ್ರಾಂಶದ ಜೊತೆ ಬರುವ ಯೂನಿಕೋಡ್ ಪರಿವರ್ತಕಕ್ಕೆ ಕೊಡಬೇಕು. ಹಾಗೆ ಮಾಡುವಾಗ ಗುರುತುಗಳ ನಡುವಿನ ಬರಹವನ್ನಷ್ಟೇ ಪರಿವರ್ತಿಸಬೇಕು. ಇಡೀ ಎಚ್‌ಟಿಎಂಎಲ್ ಪುಟವನ್ನು ಕೊಟ್ಟರೆ ಅದರ ಗುರುತುಗಳೂ ಕನ್ನಡವಾಗಿ ಪುಟ ಹಾಳಾಗುತ್ತದೆ.

ಹುಡುಕಾಟ ಎಡಿಟರ್‌ನ ಹೆಮ್ಮೆ ಇರಬೇಕಿದ್ದ ಜಾಗ. ನವ್‌ನ ದೊಡ್ಡ ಕೊರತೆ ಇರುವುದೂ ಇಲ್ಲೇ. ಒಂದು ಹೊತ್ತಿಗೆ ಒಂದೇ ಅಧ್ಯಾಯ ಪರದೆಯಲ್ಲಿರುವುದರಿಂದ ಕಂಟ್ರೋಲ್-ಎಸ್ ಹುಡುಕುವುದು ಆ ಅಧ್ಯಾಯದೊಳಗೆ ಮಾತ್ರ. ಇಡೀ ಪುಸ್ತಕದಲ್ಲಿ ಹುಡುಕಬೇಕೆಂದರೆ ‘ವಿ’ ಒತ್ತಿ. ಈಗಿನ ಅಧ್ಯಾಯದ ಮೂಲ ಫೈಲ್ ತೆರೆಯುತ್ತದೆ. ಅದು ಇರುವ ತಾತ್ಕಾಲಿಕ ಫೋಲ್ಡರ್‌ನಲ್ಲೇ ಉಳಿದ ಅಧ್ಯಾಯಗಳೂ ಇರುವುದರಿಂದ ಅಲ್ಲಿ ಎಲ್ಲ ಫೈಲ್‌ಗಳಲ್ಲೂ ಒಟ್ಟಿಗೆ ಹುಡುಕುವ ‘ಆರ್‌ಗ್ರೆಪ್’ ನಡೆಸಬಹುದು. ನವ್ ಕಿಟಕಿ ಮುಚ್ಚಿದೊಡನೆ ಆ ಫೋಲ್ಡರ್ ಅಳಿಸಿಹೋಗುತ್ತದೆ, ಆದ್ದರಿಂದ ಹುಡುಕಿ ಮುಗಿಯುವವರೆಗೆ ಪುಸ್ತಕ ತೆರೆದೇ ಇರಲಿ. ಕೆಲವು ತಂತ್ರಾಂಶಗಳು ಕನ್ನಡವನ್ನು ನೇರ ಅಕ್ಷರವಾಗಿ ಬರೆಯದೆ ಅಂಕೆಗಳಾಗಿ ಬರೆದಿರುತ್ತವೆ, ‘ಕ’ ಬದಲು 3221 ಎಂಬ ಸಂಕೇತ. ಅಂಥ ಪುಸ್ತಕದಲ್ಲಿ ಗ್ರೆಪ್‌ಗೆ ಏನೂ ಸಿಗುವುದಿಲ್ಲ, ಪರದೆಯ ಮೇಲೆ ಮಾತ್ರ ಎಲ್ಲ ಸರಿಯಾಗಿ ಕಾಣುತ್ತಿರುತ್ತದೆ.

ಕನ್ನಡವನ್ನೇ ಹುಡುಕಲು ಕಂಟ್ರೋಲ್-ಎಸ್ ಒತ್ತಿದ ಮೇಲೆ ಕಂಟ್ರೋಲ್ ಜೊತೆ ಹಿಂದೋರೆಗೆರೆ ಒತ್ತಿ ‘ಕನ್ನಡ-ಐಟ್ರಾನ್ಸ್’ ಕೀಲಿಮಣೆ ಆರಿಸಿಕೊಳ್ಳಬಹುದು. ಈಮ್ಯಾಕ್ಸ್‌ನೊಳಗೇ ಇದೆ, ಹೊರಗಿನ ತಂತ್ರಾಂಶ ಬೇಡ. ಆದರೂ ಕಣ್ಣೆದುರಿಗಿರುವ ಪದ ಸಿಗದೆ ಹೋಗಬಹುದು. ‘ಫೇಸ್‌ಬುಕ್’ನಂಥ ಪದದಲ್ಲಿ ಸ್ ಮತ್ತು ಬು ಕೂಡಿಕೊಳ್ಳದಂತೆ ನಡುವೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ‘ರ‍್ಯಾಂಕ್’ನಲ್ಲಿ ಇನ್ನೊಂದು ಬಗೆಯದು. ಇದಕ್ಕೆ ಸುಲಭ ಉಪಾಯ: ಕಂಟ್ರೋಲ್-ಆಲ್ಟ್-ಎಸ್ ಒತ್ತಿ ‘ಫೇಸ್.?ಬುಕ್’ ಎಂದು ಕೊಡುವುದು. ಚುಕ್ಕಿ ಮತ್ತು ಪ್ರಶ್ನೆಚಿಹ್ನೆ ಸೇರಿ ‘ನಡುವೆ ಒಂದು ಅಕ್ಷರ ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎಂದು ಹೇಳುತ್ತವೆ. ಇನ್ನೊಂದು ಕಾಟ ‘ಕೋ’ದಂಥ ಅಕ್ಷರಗಳದ್ದು. ಯೂನಿಕೋಡ್‌ನಲ್ಲಿ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಚೂರಾಗಿಯೂ ಬರೆಯಬಹುದು. ಕಾಣುವುದು ಒಂದೇ, ಹುಡುಕಾಟಕ್ಕೆ ಬೇರೆ. ಬರಹವನ್ನು ಬೇರೆ ಬಫರ್‌ಗೆ (ಈಮ್ಯಾಕ್ಸ್‌ನಲ್ಲಿ ಬರಹ ತೆರೆದಿರುವ ಜಾಗ) ನಕಲಿಸಿ, ‘ಯುಸಿಎಸ್-ನಾರ್ಮಲೈಸ್-ಎನ್‌ಎಫ್‌ಸಿ-ರೀಜನ್’ ಓಡಿಸಿದರೆ ಚೂರುಗಳೆಲ್ಲ ಕೂಡಿಕೊಳ್ಳುತ್ತವೆ. ನವ್‌ನ ಬಫರ್ ಓದಲು ಮಾತ್ರ ಇರುವುದರಿಂದ ನಕಲಿಸದೆ ದಾರಿಯಿಲ್ಲ.

ಓದಿದ ಜಾಗವನ್ನು ನವ್ ಚೆನ್ನಾಗಿ ನೆನಪಿಡುತ್ತದೆ, ಎರಡು ಷರತ್ತಿನ ಮೇಲೆ. ನೆನಪು ಫೈಲ್‌ಗೆ ಹೋಗುವುದು ಪುಸ್ತಕ ಮುಚ್ಚಿದಾಗ ಅಥವಾ ಈಮ್ಯಾಕ್ಸ್‌ನಿಂದ ಸರಿಯಾಗಿ ಹೊರಬಂದಾಗ. ಬ್ಯಾಟರಿ ಸತ್ತು ಯಂತ್ರ ಆರಿದರೆ ಆ ದಿನದ ಓದು ಲೆಕ್ಕಕ್ಕಿಲ್ಲ. ಎರಡನೆಯದಾಗಿ, ಅದು ಪುಸ್ತಕವನ್ನು ಗುರುತಿಸುವುದು ಫೈಲ್ ಹೆಸರಿನಿಂದಲ್ಲ, ಒಳಗೆ ಬರೆದಿರುವ ಗುರುತುಸಂಖ್ಯೆಯಿಂದ. ಫೈಲ್ ಹೆಸರು ಬದಲಿಸಿದರೂ ಜಾಗ ತಪ್ಪುವುದಿಲ್ಲ, ಅದು ಲಾಭ. ಆದರೆ ಒಂದೇ ಅಚ್ಚಿನ ಮೇಲೆ ಹತ್ತು ಪುಸ್ತಕ ತೆಗೆದು ಗುರುತುಸಂಖ್ಯೆ ಬದಲಿಸಲು ಮರೆತವರ ಫೈಲ್‌ಗಳು ಸಿಕ್ಕರೆ ಒಂದರ ಜಾಗವನ್ನು ಇನ್ನೊಂದು ಅಳಿಸುತ್ತದೆ. ‘ಎಂ’ ಒತ್ತಿ ಪುಸ್ತಕದ ವಿವರ ನೋಡಿದರೆ ಈ ಗೊಂದಲ ಕೂಡಲೇ ಬಯಲಾಗುತ್ತದೆ.

ಟಿಪ್ಪಣಿ ಮಾಡಿಕೊಳ್ಳುವವರಿಗೆ ನವ್‌ಗೆ ಎದುರಾಳಿ ಕಡಿಮೆ. ಈಮ್ಯಾಕ್ಸ್‌ನಲ್ಲಿ ಟಿಪ್ಪಣಿ ಬರೆಯುವ ಆರ್ಗ್ ಮೋಡ್ ಬಳಸುವವರು ಓದುತ್ತಿರುವ ಜಾಗದಲ್ಲಿ ‘ಆರ್ಗ್-ಸ್ಟೋರ್-ಲಿಂಕ್’ ಒತ್ತಿದರೆ ಫೈಲ್, ಅಧ್ಯಾಯ ಮತ್ತು ಅಕ್ಷರಸ್ಥಾನ ಮೂರೂ ಸೇರಿದ ಕೊಂಡಿ ಸಿಗುತ್ತದೆ. ಟಿಪ್ಪಣಿಯಿಂದ ಅದರ ಮೇಲೆ ಕ್ಲಿಕ್ ಮಾಡಿದರೆ ಪುಸ್ತಕದ ಆ ಸಾಲಿಗೇ ಹೋಗಿ ನಿಲ್ಲುತ್ತದೆ. ಫೈಲ್ ಬೇರೆ ಫೋಲ್ಡರ್‌ಗೆ ಸರಿಸಿದರೆ ಮಾತ್ರ ಕೊಂಡಿ ತುಂಡಾಗುತ್ತದೆ, ಹಾಗಾಗಿ ಮೊದಲೇ ಎಲ್ಲ ಪುಸ್ತಕಕ್ಕೂ ಒಂದು ಕಾಯಂ ಫೋಲ್ಡರ್ ಮಾಡಿಕೊಳ್ಳಿ. ಸಾಲಿಗೆ ಬಣ್ಣ ಬಳಿಯುವ ಸೌಲಭ್ಯ ನವ್‌ನೊಳಗೆ ಇಲ್ಲ.

ನಿಘಂಟಿನ ವಿಷಯದಲ್ಲಿ ಈಮ್ಯಾಕ್ಸ್ 28ರಿಂದ ಜೊತೆಗೇ ಬರುವ, ನಿಘಂಟಿನ ಸರ್ವರ್‌ನಿಂದ ಅರ್ಥ ತಂದುಕೊಡುವ ‘ಡಿಕ್ಷನರಿ’ ಪ್ಯಾಕೇಜ್ ಇಂಗ್ಲಿಷ್ ಓದಿಗೆ ಒದಗುತ್ತದೆ. ಕನ್ನಡಕ್ಕೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಇದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳದ್ದು. ಗುರುತು ಮಾಡಿದ ಪದವನ್ನು ಅಲರ್‌ನ ವಿಳಾಸದ ಕೊನೆಗೆ ಅಂಟಿಸಿ ಬ್ರೌಸರ್‌ನಲ್ಲಿ ತೆರೆಯುವ ಐದಾರು ಸಾಲನ್ನು ಈಮ್ಯಾಕ್ಸ್‌ನ ಲಿಸ್ಪ್ ಭಾಷೆಯಲ್ಲಿ ಬರೆದು ಒಂದು ಕೀಲಿಗೆ ಕಟ್ಟಿದರೆ ಆಯಿತು. ಆದರೆ ‘ಮನೆಗಳಲ್ಲೆಲ್ಲ’ ಎಂದು ಕೊಟ್ಟರೆ ನಿಘಂಟಿಗೆ ತಿಳಿಯದು. ವಿಭಕ್ತಿ ಬಿಟ್ಟು ‘ಮನೆ’ಯಷ್ಟನ್ನೇ ಗುರುತು ಮಾಡಬೇಕು.

ಈಮ್ಯಾಕ್ಸ್ ಬಳಸದವರು ‘ಪ್ಯಾಂಡಾಕ್’ ಎಂಬ ಪರಿವರ್ತಕದಿಂದ ಇಡೀ ಪುಸ್ತಕವನ್ನು ಒಂದೇ ಸರಳ ಪಠ್ಯ ಫೈಲ್ ಮಾಡಿಕೊಂಡು ಯಾವ ಎಡಿಟರ್‌ನಲ್ಲಾದರೂ ಓದಬಹುದು. ಗುರಿಯನ್ನು ‘ಪ್ಲೇನ್’ ಎಂದೂ ‘ರ‍್ಯಾಪ್’ ಆಯ್ಕೆಯನ್ನು ‘ನನ್’ ಎಂದೂ ಕೊಡುವುದು ಮುಖ್ಯ. ಕೊಡದಿದ್ದರೆ 72 ಅಕ್ಷರಕ್ಕೊಮ್ಮೆ ಸಾಲು ಮುರಿದು, ಕಿರಿದಾದ ಕಿಟಕಿಯಲ್ಲಿ ಒಂದು ಉದ್ದ ಒಂದು ಗಿಡ್ಡ ಎಂದು ಹಲ್ಲುಬಿದ್ದ ಬಾಚಣಿಗೆಯಾಗುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಪಠ್ಯ ಫೈಲ್‌ಗಳಿಗೆ ಇರುವುದೂ ಇದೇ ಕಾಯಿಲೆ. ಇಡೀ ಪುಸ್ತಕ ಒಂದೇ ಕಡೆ ಸಿಗುವುದರಿಂದ ಹುಡುಕಾಟದಲ್ಲಿ ಈ ದಾರಿ ನವ್‌ಗಿಂತ ಮೇಲು. ಚಿತ್ರ ಮತ್ತು ಪರಿವಿಡಿಯ ಕೊಂಡಿಗಳು ಹೋಗುತ್ತವೆ. ವಿಮ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಇ-ಪಬ್ ನೇರವಾಗಿ ತೆರೆದರೆ ಒಳಗಿನ ಫೈಲ್‌ಗಳ ಪಟ್ಟಿ ಬರುತ್ತದೆ, ಒಂದನ್ನು ಆರಿಸಿದರೆ ಗುರುತುಗಳ ಸಮೇತ ಎಚ್‌ಟಿಎಂಎಲ್. ಅದು ದುರಸ್ತಿಗೆ ಅನುಕೂಲ, ಓದಿಗಲ್ಲ. ಕನ್ನಡಕ್ಕೆ ವಿಮ್‌ನದೂ ಟರ್ಮಿನಲ್‌ನ ಚೌಕಳಿ ಕಥೆಯೇ.

ಕಾದಂಬರಿ ಓದುವ ಒಂದೇ ಆಸೆಗೆ ಈಮ್ಯಾಕ್ಸ್ ಕಲಿಯಲು ಹೊರಡುವುದು ಬೇಡ. ಹಾಸಿಗೆಯಲ್ಲಿ ಒರಗಿ ಓದಲು ಮೊಬೈಲೋ ಇ-ಇಂಕ್ ಸಾಧನವೋ ಸಾಕು. ಅನುವಾದ ಮಾಡುವವರು, ಸಂಪಾದಿಸುವವರು, ಓದುತ್ತ ಬರೆಯುವವರು, ಮೊದಲೇ ದಿನದ ಹೆಚ್ಚು ಹೊತ್ತು ಈಮ್ಯಾಕ್ಸ್‌ನಲ್ಲಿ ಕಳೆಯುವವರು ನವ್ ಹಾಕಿಕೊಳ್ಳದೆ ಇರುವುದಕ್ಕೆ ಕಾರಣವಿಲ್ಲ. ಪುಸ್ತಕಕ್ಕೆ ಕನ್ನಡ ವಿಕಿಸೋರ್ಸ್‌ನಿಂದ ಶುರು ಮಾಡಿ. ಅಲ್ಲಿ ಇಳಿಸಿಕೊಳ್ಳುವ ಇ-ಪಬ್ ಯೂನಿಕೋಡ್‌ನದು, ಬೀಗವಿಲ್ಲ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್‌ನಿಂದ ಯಂತ್ರ ತಾನೇ ಮಾಡಿದ ಇ-ಪಬ್‌ಗಳಲ್ಲಿ ಕನ್ನಡದ ಒತ್ತುಗಳು ಅಡ್ಡಾದಿಡ್ಡಿ ಬಂದಿರಬಹುದು, ಇಳಿಸುವ ಮೊದಲು ಒಂದು ಪುಟ ನೋಡಿಕೊಳ್ಳಿ. ದುಡ್ಡು ಕೊಟ್ಟು ಕೊಂಡ, ನಕಲು ತಡೆಯುವ ಡಿಆರ್‌ಎಂ ಬೀಗವಿರುವ ಪುಸ್ತಕವನ್ನು ನವ್‌ನಲ್ಲಿ ಓದಲಾಗುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯವರ ವಿವರಣೆಯಲ್ಲಿ ಅದನ್ನು ಹುಡುಕಿ. ಫೈಲ್ ಕೈಯಲ್ಲಿದ್ದರೆ ‘ಎ’ ಒತ್ತಿ ಜಿಪ್ ಆಗಿ ತೆರೆದು, ಒಳಗೆ ‘ಎನ್‌ಕ್ರಿಪ್ಶನ್’ ಹೆಸರಿನ ಎಕ್ಸ್‌ಎಂಎಲ್ ಇದೆಯೇ ನೋಡಬಹುದು. ಇದ್ದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ. ಅದರಲ್ಲಿ ಫಾಂಟ್ ಫೈಲ್‌ಗಳ ಹೆಸರಷ್ಟೇ ಇದ್ದರೆ ಬೀಗ ಹಾಕಿರುವುದು ಫಾಂಟಿಗೆ ಮಾತ್ರ, ನವ್ ಹೇಗೂ ಅದನ್ನು ಬಳಸುವುದಿಲ್ಲ.